ತಾಮರೈಗೆ ಕನ್ನಡ ಬರುತ್ತಿತ್ತು

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಮೊದಲ ದಿನ ಕೇಳುವ ಪ್ರಶ್ನೆ ಒಂದೇ: “ಅಕ್ಕಾ, ಮಕ್ಕಳು ಕಚ್ಚುತ್ತವಾ?”

ಕಚ್ಚುತ್ತವೆ. ನನ್ನ ಎಡ ಮುಂಗೈ ಮೇಲೆ ನಾಲ್ಕು ಹಲ್ಲಿನ ಗುರುತು ಈಗಲೂ ಇದೆ. ಕೂದಲು ಹಿಡಿದು ಎಳೆಯುತ್ತವೆ, ಬಾಯಿಗಿಟ್ಟದ್ದನ್ನು ನಮ್ಮ ಮೈಮೇಲೆ ಉಗುಳುತ್ತವೆ, ಈಗ ತಾನೇ ಬದಲಿಸಿದ ಬಟ್ಟೆಯನ್ನು ಎರಡು ನಿಮಿಷದಲ್ಲಿ ಒದ್ದೆ ಮಾಡುತ್ತವೆ. ಇದೆಲ್ಲ ಒಂದು ತಿಂಗಳಲ್ಲಿ ರೂಢಿಯಾಗಿಬಿಡುತ್ತದೆ. ಈ ಕೆಲಸದಲ್ಲಿ ರೂಢಿಯಾಗಬಾರದ ಸಂಗತಿಗಳು ಬೇರೆ ಇವೆ. ನನಗೆ ರೂಢಿಯಾಗಿದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗಿರಿಜಾ. ಕುಂದಾಪುರದ ಕಡೆಯವಳು, ಓದಿದ್ದು ಹತ್ತನೇ ಕ್ಲಾಸು. ಮದುವೆಯಾಗಿ ಚೆನ್ನೈಗೆ ಬಂದೆ. ನಮ್ಮವರು ಕೋಡಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕಿದ್ದರು. ನಾನು ಸೇರಿದ್ದು ಶೋಳಿಂಗನಲ್ಲೂರಿನ ಹತ್ತಿರ ಅಂಗವಿಕಲ ಮಕ್ಕಳ ವಸತಿ ಶಾಲೆಯೊಂದಕ್ಕೆ. ಈಗ ಅಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ, ಬೆಳಿಗ್ಗೆ ರಸ್ತೆ ದಾಟಲು ಕಂಪನಿ ಕ್ಯಾಬುಗಳು ಬಿಡುವುದಿಲ್ಲ. ಆಗ ಮರಳು ಮತ್ತು ಗಾಳಿಮರಗಳ ತೋಪು, ಅಷ್ಟೇ. ಸೋಮವಾರ ಹೋದರೆ ಶನಿವಾರ ಸಂಜೆ ಮನೆಗೆ ಬರುವುದು. ಕಾಗದದಲ್ಲಿ ನನ್ನ ಹುದ್ದೆಗೆ ಏನೇನೋ ಹೆಸರುಗಳು ಬದಲಾದವು. ಮಕ್ಕಳ ಮನೆಯವರಿಗೆ ನಾನು ಆಯಾ, ಮಾತು ಬರುವ ಮಕ್ಕಳಿಗೆ ಅಕ್ಕ.

ಹಲ್ಲುಜ್ಜಿಸುವುದು, ಸ್ನಾನ, ಬಟ್ಟೆ, ಕಕ್ಕಸು, ಊಟ, ನಿದ್ದೆ. ಎಂಟು ಮಕ್ಕಳಿಗೆ ಒಬ್ಬಳು. ಆ ಕಾಲದಲ್ಲಿ ಒಳ್ಳೆಯ ಆಯಾ ಎಂದರೆ ಕೈ ಚುರುಕು ಇರುವವಳು. ನನ್ನ ಕೈ ಬಹಳ ಚುರುಕು. ಊಟದ ಗಂಟೆ ಹೊಡೆದ ಅರ್ಧ ಗಂಟೆಗೆ ಮುಗಿಯುವ ಗಂಟೆ ಹೊಡೆಯುತ್ತಿತ್ತು. ಅಷ್ಟರಲ್ಲಿ ಎಂಟೂ ತಟ್ಟೆ ಖಾಲಿ ಮಾಡಿಸಿ, ಎಂಟೂ ಬಾಯಿ ಒರೆಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದೆ. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ರಾಜಲಕ್ಷ್ಮಿ ಮೇಡಂ ಉಳಿದವರಿಗೆ, “ಗಿರಿಜಾಳನ್ನು ನೋಡಿ ಕಲಿಯಿರಿ” ಎನ್ನುತ್ತಿದ್ದರು. ಮೇಡಂ ಬಹಳ ಕಟ್ಟುನಿಟ್ಟು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ರಿಜಿಸ್ಟರು, ಮುಖದಲ್ಲಿ ನಗು ಇಲ್ಲ. ಅವರ ಬಾಯಲ್ಲಿ ಹೊಗಳಿಕೆ ಕೇಳಿದರೆ ಯಾರಿಗಾದರೂ ತಲೆ ತಿರುಗುತ್ತದೆ. ನನಗೂ ತಿರುಗಿತ್ತು.

ಆಗ ಬಂದವಳು ತಾಮರೈ. ಒಂಬತ್ತು ವರ್ಷದ ಹುಡುಗಿ. ಮನೆ ಪೆರಂಬೂರಿನಲ್ಲಿ. ಅಪ್ಪ ಬಡಗಿ, ತಾಯಿ ಮನೆಯಲ್ಲೇ. ಹುಟ್ಟುವಾಗ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾಗಿತ್ತು. ಕೈಕಾಲು ಸೆಟೆದುಕೊಂಡಿದ್ದವು, ಕುತ್ತಿಗೆ ನಿಲ್ಲುತ್ತಿರಲಿಲ್ಲ, ಮಾತಿರಲಿಲ್ಲ. ಅವಳ ಫೈಲಿನಲ್ಲಿ ಎರಡು ಸಾಲಿತ್ತು: ಹೇಳಿದ್ದು ಅರ್ಥವಾಗುವುದಿಲ್ಲ, ಕಾರಣವಿಲ್ಲದೆ ನಗುತ್ತಾಳೆ. ಅಂಥ ಮಕ್ಕಳನ್ನು ತರಗತಿಗೆ ಕಳಿಸುತ್ತಿರಲಿಲ್ಲ. ದಿನವಿಡೀ ಕೇರ್ ರೂಮಿನಲ್ಲಿ, ನನ್ನ ಹತ್ತಿರ.

ಅವಳು ಬಂದ ಎರಡನೇ ತಿಂಗಳಲ್ಲಿ ನಾನು ಅವಳನ್ನು ಸಾಯಿಸಿಯೇಬಿಡುತ್ತಿದ್ದೆ.

ನಮಗೆಲ್ಲ ಗೊತ್ತಿದ್ದ ಕ್ರಮ ಒಂದೇ. ಮಗುವಿನ ಹಿಂದೆ ನಿಂತು, ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ವಾಲಿಸಿ, ಅರೆದ ಅನ್ನವನ್ನು ಚಮಚದಲ್ಲಿ ಗಂಟಲಿನ ಹತ್ತಿರ ಇಟ್ಟುಬಿಡುವುದು. ತಾನಾಗಿ ಇಳಿಯುತ್ತದೆ. ಅವತ್ತು ಗಂಟೆಗೆ ಐದೇ ನಿಮಿಷವಿತ್ತು, ತಾಮರೈ ತಟ್ಟೆಯಲ್ಲಿ ಇನ್ನೂ ಅರ್ಧವಿತ್ತು. ಒಂದರ ಹಿಂದೊಂದು ನಾಲ್ಕು ಚಮಚ ಹಾಕಿದೆ. ಐದನೆಯದು ಇಡುವಾಗ ಅವಳ ತುಟಿ ನೀಲಿಯಾಗಿರುವುದು ಕಂಡಿತು. ಕೆಮ್ಮಲೂ ಇಲ್ಲ. ನರ್ಸು ಓಡಿಬಂದು ಅವಳನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು. ಅನ್ನ ಹೊರಬಂತು, ಉಸಿರು ಬಂತು. ಆದರೆ ಒಳಗೆ ಹೋದದ್ದು ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಆಯಿತು. ಹನ್ನೊಂದು ದಿನ ಆಸ್ಪತ್ರೆ.

ಮೇಡಂ ನನ್ನನ್ನು ಬೈಯಲಿಲ್ಲ. “ಇಂಥ ಮಕ್ಕಳಿಗೆ ಹೀಗಾಗುವುದುಂಟು” ಎಂದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಶನಿವಾರ ಮನೆಗೆ ಹೋಗಿ, ಕೆಲಸ ಬಿಡುತ್ತೇನೆ ಎಂದು ಅತ್ತುಬಿಟ್ಟೆ.

ನಮ್ಮವರು ಅಂಗಿ ಕಳಚುತ್ತಾ, ತಿನ್ನಿಸುವಾಗ ನನ್ನ ಕಣ್ಣು ಎಲ್ಲಿತ್ತೆಂದು ನಮ್ಮ ಊರ ಮಾತಲ್ಲಿ ಕೇಳಿದರು, “ನೀ ಬಡ್ಸುವತಿಗೆ ಎಂತ ಕಾಂತಿದ್ದೆ?”

“ಗಡಿಯಾರ ಕಾಂತಿದ್ದೆ.”

“ಬಡ್ಸುವವ ಎಲೆ ಕಾಣ್ಕ್ ಮರಾಯ್ತಿ. ಸೌಟ್ ಅಲ್ಲ, ಗಡಿಯಾರ ಅಲ್ಲ. ಉಂಬುವವ್ನ್ ಎಲೆ, ಮತ್ತೆ ಉಂಬುವವ್ನ್ ಮೋರೆ. ಕೆಲ್ಸ ಬಿಟ್ರೆ ಆ ಹೆಣ್ಣಿಗೆ ಎಂತ ಸಿಕ್ಕಿತ್? ಇನ್ನೊಂದ್ ಗಡಿಯಾರ ಕಾಂಬುದ್ ಸಿಕ್ಕತ್ತ್, ಅಷ್ಟೆ.”

ಸೋಮವಾರ ವಾಪಸು ಹೋದೆ.

ತಾಮರೈ ಆಸ್ಪತ್ರೆಯಿಂದ ಬಂದ ಮೇಲೆ, ಪುಣ್ಯಕ್ಕೆ, ಶಾಲೆಗೆ ಒಬ್ಬ ಹೊಸ ಥೆರಪಿಸ್ಟ್ ಬಂದರು. ನಜೀಮಾ ಅಂತ. ಇಪ್ಪತ್ತೈದು ವರ್ಷ ಇರಬಹುದು, ನೋಡಲು ಕಾಲೇಜು ಹುಡುಗಿ. ಒಂದು ದಿನ ನಮ್ಮನ್ನೆಲ್ಲ ಊಟದ ಕೋಣೆಯಲ್ಲಿ ಸೇರಿಸಿ ಹೇಳಿದರು, “ಇವತ್ತು ಮಕ್ಕಳಿಗಲ್ಲ, ನೀವು ಒಬ್ಬರಿಗೊಬ್ಬರು ತಿನ್ನಿಸಿ. ತಿನ್ನುವವರು ಕೈ ಹಿಂದೆ ಕಟ್ಟಿಕೊಳ್ಳಿ, ತಲೆ ಹಿಂದಕ್ಕೆ ಹಾಕಿ. ಮಾತಾಡಬಾರದು.”

ಎಲ್ಲರೂ ನಕ್ಕರು. ನಜೀಮಾ, ರಾಜಲಕ್ಷ್ಮಿ ಮೇಡಂ ಕಡೆ ತಿರುಗಿ, “ನೀವೂ ಬನ್ನಿ ಮೇಡಂ. ಗಿರಿಜಕ್ಕ ನಿಮಗೆ ತಿನ್ನಿಸಲಿ. ಅವರೇ ಎಲ್ಲರಿಗಿಂತ ಫಾಸ್ಟ್ ಅಲ್ಲವಾ?” ಎಂದರು.

ಮೇಡಂ ರಿಜಿಸ್ಟರು ಬದಿಗಿಟ್ಟು ಕುರ್ಚಿಯಲ್ಲಿ ಕೂತರು. ತಲೆ ಹಿಂದಕ್ಕೆ ಹಾಕಿದರು. ನಾನು ಅರೆದ ಮೊಸರನ್ನದ ಬಟ್ಟಲು ಹಿಡಿದು ಅವರ ಹಿಂದೆ ನಿಂತೆ.

“ನಿಮ್ಮ ಮಾಮೂಲಿ ವೇಗದಲ್ಲೇ, ಅಕ್ಕಾ.”

ಒಂದು ಚಮಚ. ಎರಡು. ಮೂರನೆಯದಕ್ಕೆ ಮೇಡಂ ಕಣ್ಣಲ್ಲಿ ನೀರು ಬಂತು. ನಾಲ್ಕನೆಯದಕ್ಕೆ ಕೆಮ್ಮುತ್ತಾ, ಸಾಕು ಎಂದು ಕೈ ಎತ್ತಿದರು.

ನಜೀಮಾ ಮೆಲ್ಲಗೆ ಹೇಳಿದರು, “ಕೈ ಎತ್ತಬೇಡಿ ಮೇಡಂ. ತಾಮರೈಗೆ ಕೈ ಎತ್ತಲು ಬರುವುದಿಲ್ಲ.”

ಮೇಡಂ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದರು. ನಜೀಮಾರ ಕೆಲಸ ಹೋಯಿತು ಎಂದುಕೊಂಡೆವು. ಮರುದಿನ ಊಟ ಶುರುವಾಗುವ ಗಂಟೆ ಹೊಡೆಯಿತು, ಮುಗಿಯುವ ಗಂಟೆ ಹೊಡೆಯಲೇ ಇಲ್ಲ. ಮೇಡಂ ಒಳಗೆ ಬಂದು, “ಮಕ್ಕಳು ಮುಗಿಸಿದಾಗ ಊಟ ಮುಗಿಯಿತು” ಎಂದಷ್ಟೇ ಹೇಳಿ, ತಾವೂ ಒಂದು ಮಗುವಿನ ಮುಂದೆ ಬಟ್ಟಲು ಹಿಡಿದು ಕೂತರು. ಅವತ್ತಿನಿಂದ ನಿವೃತ್ತಿಯಾಗುವವರೆಗೂ ಒಂದು ಹೊತ್ತು ಹಾಗೆ ಕೂರುತ್ತಿದ್ದರು.

ಹೊಸ ಕ್ರಮ ಹೀಗೆ. ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ. ನಾವು ಎದುರಿಗೆ ಗಿಡ್ಡ ಸ್ಟೂಲಿನ ಮೇಲೆ, ನಮ್ಮ ಕಣ್ಣು ಮಗುವಿನ ಕಣ್ಣಿಗಿಂತ ಕೆಳಗಿರಬೇಕು. ಸಣ್ಣ ಚಮಚ. ನುಂಗಿದ್ದು ಕಂಡ ಮೇಲೆ ಮುಂದಿನದು. ಕಾಯುವುದೇ ಕೆಲಸ. ಚುರುಕು ಕೈಯವಳಿಗೆ ಇದು ಎಷ್ಟು ಕಷ್ಟ ಅಂತೀರಿ! ತಾಮರೈಯ ಒಂದೊಂದು ತುತ್ತಿಗೂ ಒಂದು ನಿಮಿಷ. ಕೈ ಖಾಲಿ ಇದ್ದರೆ ನನಗೆ ಬಾಯಿ ಸುಮ್ಮನಿರುವುದಿಲ್ಲ. ಕಾಯುತ್ತಾ ನನ್ನಷ್ಟಕ್ಕೆ ನಮ್ಮ ಕುಂದಾಪುರದ ಮಾತಲ್ಲಿ ಗೊಣಗತೊಡಗಿದೆ. ಮಕ್ಕಳ ಹತ್ತಿರ ಆಡಬೇಕಾದದ್ದನ್ನು ತಮಿಳಲ್ಲಿ ಆಡುತ್ತಿದ್ದೆ. ಕನ್ನಡ ನನ್ನ ಹೊಟ್ಟೆಯುರಿಗೆ. ಇಡೀ ಕ್ಯಾಂಪಸ್ಸಿನಲ್ಲಿ ಕನ್ನಡ ಬರುವವರು ಇನ್ನೊಬ್ಬರಿರಲಿಲ್ಲ, ಹಾಗಾಗಿ ಯಾರ ಭಯವೂ ಇರಲಿಲ್ಲ. ಬಸ್ ಕಂಡಕ್ಟರನಿಂದ ಹಿಡಿದು ನನ್ನ ಅತ್ತಿಗೆಯವರೆಗೆ ಎಲ್ಲರ ಸುದ್ದಿಯೂ ತಾಮರೈ ಎದುರಿಗೆ ಆಗುತ್ತಿತ್ತು. ಹೀಗೇ ಒಂದೂವರೆ ವರ್ಷ.

ಒಂದು ಮಧ್ಯಾಹ್ನ ಮೇಡಂ ಊಟದ ಕೋಣೆಗೆ ಬಂದು, ಯಾವುದೋ ಬಕೆಟ್ಟಿನ ವಿಷಯಕ್ಕೆ ನನ್ನನ್ನು ಗದರಿ ಹೋದರು. ಅವರು ಅತ್ತ ಹೋದ ಕೂಡಲೇ ನಾನಂದೆ, “ಸೀರಿಗೆ ಹಾಕಿದ್ ಗಂಜಿ ಮೋರೆಗೂ ತಾಗಿತ್ ಕಾಣ್.”

ತಾಮರೈ ನಕ್ಕಳು. ಮೈಯೆಲ್ಲ ಕುಲುಕಿ, ಗಾಲಿಕುರ್ಚಿ ಅಲುಗುವಷ್ಟು.

ಕಾರಣವಿಲ್ಲದೆ ನಗುತ್ತಾಳೆ ಎಂದು ಫೈಲಿನಲ್ಲಿತ್ತಲ್ಲ, ಅದೇ ಇರಬೇಕು ಎಂದುಕೊಂಡೆ. ಆದರೆ ನಾನು ಎದುರಿಗೆ, ಅವಳಿಗಿಂತ ಕೆಳಗೆ ಕೂತಿದ್ದೆ. ಅವಳ ಕಣ್ಣು ಕಾಣುತ್ತಿತ್ತು. ಆ ಕಣ್ಣು ಮೇಡಂ ಹೋದ ಬಾಗಿಲಿಗೆ ಹೋಗಿ, ಮತ್ತೆ ನನ್ನ ಮುಖಕ್ಕೆ ಬಂತು. ಗುಟ್ಟು ಹಂಚಿಕೊಂಡವರು ನೋಡುವ ಹಾಗೆ.

ಪರೀಕ್ಷೆ ಮಾಡೋಣವೆಂದು, ದನಿ ಬದಲಿಸದೆ, ಲಾಲಿ ಹೇಳುವ ಹಾಗೆ ನಯವಾಗಿ ಹೇಳಿದೆ, “ನಾಳಿಂದ ನಿಂಗೆ ಮೂರ್ ಹೊತ್ತೂ ಹಾಗಲಕಾಯಿ.” ತಮಿಳಿನಲ್ಲಿ ಅದಕ್ಕೆ ಪಾವಕ್ಕಾಯ್. ಹಾಗಲ ಎಂದರೆ ಅಲ್ಲಿ ಯಾರಿಗೂ ತಿಳಿಯದು.

ತಾಮರೈ ಬಾಯಿ ಬಿಗಿಯಾಗಿ ಮುಚ್ಚಿದಳು.

“ಸುಳ್ಳ್ ಹೇಳಿದ್ದ್ ಮಗಾ.”

ಬಾಯಿ ತೆರೆದಳು.

ಬಟ್ಟಲನ್ನು ನೆಲದ ಮೇಲಿಟ್ಟು ನಜೀಮಾರ ಕೋಣೆಗೆ ಓಡಿದೆ. ಅವರು ಪೂರ್ತಿ ಕೇಳಿ, ಬಂದು ನೋಡಿ, ತಾಮರೈಗೆ ತಮಿಳಲ್ಲಿ ಹೇಳಿದರು: ಹೌದಾದರೆ ಕಣ್ಣು ಮೇಲೆ, ಅಲ್ಲವಾದರೆ ಕಣ್ಣು ಮುಚ್ಚು. ಒಂದು ವಾರದಲ್ಲಿ ನಾವು ಮೂವರೂ ಸೇರಿ ಹರಟೆ ಹೊಡೆಯುತ್ತಿದ್ದೆವು.

ಆದರೆ ನಮ್ಮ ಖುಷಿಗೆ ಕಾಗದದಲ್ಲಿ ಬೆಲೆಯಿರಲಿಲ್ಲ. ತಿಳಿವಳಿಕೆ ಇಲ್ಲ ಎಂದು ಬರೆದ ಮಕ್ಕಳನ್ನು ಹನ್ನೆರಡು ತುಂಬುವ ಮೊದಲು ಬೇರೆ ಊರಿನ ಒಂದು ಆಶ್ರಯ ಮನೆಗೆ ಕಳಿಸುವುದು ಆಗಿನ ನಿಯಮ. ಅಲ್ಲಿ ಅನ್ನ ಹಾಕುತ್ತಾರೆ, ಸ್ನಾನ ಮಾಡಿಸುತ್ತಾರೆ. ಪಾಠವಿಲ್ಲ. ತಾಮರೈಯ ವಿಷಯ ತೀರ್ಮಾನಿಸುವ ಸಭೆ ಮುಂದಿನ ತಿಂಗಳು ಇತ್ತು.

ಸಭೆಗೆ ತಾಮರೈಯ ತಾಯಿ ಪೆರಂಬೂರಿನಿಂದ ಬಂದಿದ್ದರು. ಹೊರಗಿನಿಂದ ಮನಃಶಾಸ್ತ್ರಜ್ಞ ಡಾಕ್ಟರ್ ವರದನ್ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು. ಅವರು ಕೇಳಿದಾಗ ತಾಮರೈ ಹೆದರಿ ಸೆಟೆದುಕೊಂಡಳು, ಕಣ್ಣು ಎಲ್ಲೆಲ್ಲೋ ಹೊರಳಿತು. ನಾನು ಕೇಳಿದರೆ ಸರಿಯಾಗಿ ಉತ್ತರ ಕೊಟ್ಟಳು.

“ಅಮ್ಮಾ,” ಅವರು ನನಗೆ ಹೇಳಿದರು, “ನೀವು ಸುಳ್ಳು ಹೇಳುತ್ತಿದ್ದೀರಿ ಅಂತಲ್ಲ. ಮಗು ನಿಮ್ಮ ಮುಖ ನೋಡಿ, ದನಿ ಕೇಳಿ ಹಾಗೆ ಮಾಡುತ್ತಿರಬಹುದು. ನಿಮಗೇ ಗೊತ್ತಿಲ್ಲದೆ ನೀವು ಉತ್ತರ ಹೇಳಿಕೊಡುತ್ತಿರಬಹುದು.”

ಹತ್ತನೇ ಕ್ಲಾಸಿನವಳು ಡಾಕ್ಟರಿಗೆ ಏನು ಹೇಳುವುದು? ಆದರೂ ಬಾಯಿಂದ ಬಂತು. “ಸಾರ್, ಈ ಹುಡುಗಿಗೆ ಕನ್ನಡ ಬರುತ್ತದೆ. ಯಾರೂ ಕಲಿಸಿಲ್ಲ. ನನ್ನ ಗೊಣಗಾಟ ಕೇಳಿ ಕಲಿತಿದ್ದಾಳೆ. ತಿಳಿವಳಿಕೆ ಇಲ್ಲದವಳು ಹೀಗೆ ಕೇಳಿಯೇ ಒಂದು ಭಾಷೆ ಕಲಿಯುತ್ತಾಳಾ?”

ವರದನ್ ಕನ್ನಡಕ ತೆಗೆದರು. “ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಕನ್ನಡದವರು ಸಿಗುತ್ತಾರಾ? ಈ ಮಗು ಎಂದೂ ನೋಡಿರದವರು?”

ಸಭೆಯನ್ನು ಸಂಜೆಗೆ ಮುಂದೂಡಿದರು. ನಾನು ಹೋಟೆಲಿಗೆ ಫೋನು ಮಾಡಿದೆ. ನಮ್ಮವರು ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಹೋಟೆಲಿನ ಬಿಳಿ ಅಂಗಿಯಲ್ಲೇ ಎರಡು ಬಸ್ಸು ಬದಲಿಸಿ ಬಂದರು. ಮೈಯಿಂದ ಸಾಂಬಾರಿನ ಪರಿಮಳ ಬರುತ್ತಿತ್ತು.

ವರದನ್ ಏರ್ಪಾಡು ಮಾಡಿದರು. ತಾಮರೈಯ ಎಡಕ್ಕೆ ಬಾಗಿಲು, ಬಲಕ್ಕೆ ಕಿಟಕಿ, ಮುಂದಿನ ಮೇಜಿನ ಮೇಲೆ ಒಂದು ಜೊತೆ ಚಪ್ಪಲಿ, ನಮ್ಮ ಮಾತಲ್ಲಿ ಮೆಟ್ಟು. ನಮ್ಮವರು ಕುರ್ಚಿಯ ಹಿಂದೆ, ಅವಳಿಗೆ ಕಾಣದ ಹಾಗೆ ನಿಲ್ಲಬೇಕು. ಯಾವುದನ್ನು ಯಾವಾಗ ಕೇಳುತ್ತೇನೆ ಎಂದು ಮೊದಲೇ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ವರದನ್ ಎದುರು ಕೂತು, ಅವಳ ಕಣ್ಣು ಎತ್ತ ಹೋಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತಾರೆ. ಏನು ಕೇಳಿದರು ಎಂಬುದು ಕನ್ನಡ ಬಾರದ ಅವರಿಗೂ ತಿಳಿಯದು. ನನ್ನನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ಶಾಲೆಗೆ ಹೋಗುವಾಗ ಕೂಡ ನನಗೆ ಅಂಥ ಶಿಕ್ಷೆ ಆಗಿರಲಿಲ್ಲ.

“ಮಗಾ, ಮೆಟ್ಟ್ ಎಲ್ಲಿತ್ತ್?” ನಮ್ಮವರ ದನಿ ಕೇಳಿತು. ಹೋಟೆಲಿನಲ್ಲಿ ಗಿರಾಕಿಯನ್ನು ಕೇಳುವಷ್ಟೇ ತಣ್ಣಗೆ. ಆಮೇಲೆ, “ಬಾಗಿಲ್ ಎಲ್ಲಿತ್ತ್?” “ಕಿಟ್ಕಿ?” ಮತ್ತೆ “ಬಾಗಿಲ್?” ಹೀಗೆ ಹನ್ನೆರಡು ಸಲ. ನಡುನಡುವೆ ವರದನ್ನರ ಪೆನ್ನು ಕಾಗದದ ಮೇಲೆ ಓಡುವ ಸದ್ದು. ನಾನು ಗೋಡೆಯ ಸುಣ್ಣ ನೋಡುತ್ತಾ, ಊರಿನ ದೇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದೆ.

ಚೀಟಿ ತೆಗೆದು, ಎರಡೂ ಕಾಗದವನ್ನು ಮೇಜಿನ ಮೇಲೆ ಜೋಡಿಸಿಟ್ಟರು. ನಜೀಮಾ ಮೊದಲು ಕಿರುಚಿದ್ದು. ಹನ್ನೆರಡರಲ್ಲಿ ಹನ್ನೊಂದು ಸರಿ.

ನಮ್ಮವರು ಅಷ್ಟಕ್ಕೆ ಬಿಡಬಾರದೇ? ಗಂಜಿಯ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿ ನಕ್ಕಿದ್ದೆ. ಕುರ್ಚಿಯ ಮುಂದೆ ಬಂದು, ಮೊಣಕಾಲೂರಿ ಕೂತು, ತಾಮರೈಯನ್ನು ಕೇಳಿದರು, “ಅಲ್ದೇ ಮಗಾ, ಸೀರಿಗೆ ಹಾಕಿದ್ ಗಂಜಿ ಮೋರೆಗೂ ತಾಗಿದ್ದ್ ಯಾರಿಗೆ?”

ತಾಮರೈಯ ಕಣ್ಣು ಕೋಣೆಯೆಲ್ಲ ದಾಟಿ, ನೇರವಾಗಿ ರಾಜಲಕ್ಷ್ಮಿ ಮೇಡಂ ಮೇಲೆ ನಿಂತಿತು. ಆಮೇಲೆ ಶುರುವಾದ ಅವಳ ನಗು ನಿಲ್ಲಲೇ ಇಲ್ಲ.

“ಏನು ಕೇಳಿದರು?” ಮೇಡಂ ನನ್ನ ಕಡೆ ತಿರುಗಿದರು. ನಮ್ಮವರು ತಮ್ಮ ಹೋಟೆಲ್ ತಮಿಳಿನಲ್ಲಿ ಒಂದಕ್ಷರ ಬಿಡದೆ ಅನುವಾದಿಸಿದರು. ಮೇಡಂ ತಮ್ಮ ಸೀರೆಯನ್ನು ನೋಡಿಕೊಂಡರು, ತಾಮರೈಯನ್ನು ನೋಡಿದರು. ಅವರ ಹಲ್ಲು ನಾನು ಮೊದಲ ಸಲ ಕಂಡದ್ದು ಅವತ್ತೇ.

“ಡಾಕ್ಟರ್, ಕಾರಣವಿಲ್ಲದೆ ನಗುತ್ತಾಳೆ ಎಂದು ಫೈಲಿನಲ್ಲಿ ಬರೆದಿದೆಯಲ್ಲ, ಅದನ್ನು ಹೊಡೆದುಹಾಕಿ. ಕಾರಣ ನಾನು” ಎಂದರು.

ವರದನ್ ಎರಡೂ ಸಾಲು ಹೊಡೆದರು. ಹೊಡೆದು, ಕೆಳಗೆ ಸಹಿ ಹಾಕಿದರು. ತಾಮರೈ ಎಲ್ಲಿಗೂ ಹೋಗಲಿಲ್ಲ. ಸೋಮವಾರದಿಂದ ತರಗತಿ.

ಆ ಗದ್ದಲದಲ್ಲಿ ತಾಯಿಯನ್ನು ಯಾರೂ ಗಮನಿಸಿರಲಿಲ್ಲ. ಅವರು ಬಿಳಿಚಿಕೊಂಡಿದ್ದರು. ಮಗಳ ಹತ್ತಿರ ಹೋಗಿ ತಮಿಳಲ್ಲಿ, “ಹಾಗಾದರೆ ಇಷ್ಟು ವರ್ಷ ನಾವು ನಿನ್ನೆದುರಿಗೆ ಆಡಿದ್ದೆಲ್ಲ ನಿನಗೆ ಕೇಳಿಸಿದೆಯಾ ಕಂದಾ?” ಎಂದು ಕೇಳಿದರು. ತಾಮರೈ ನಗು ನಿಲ್ಲಿಸಿ ಕಣ್ಣು ಮೇಲೆತ್ತಿದಳು. ಹೌದು. ಆ ತಾಯಿ ಅಲ್ಲೇ ನೆಲದ ಮೇಲೆ ಕೂತು ಮಗಳ ಪಾದ ಹಿಡಿದುಕೊಂಡು ಅತ್ತರು. ಮನೆಯಲ್ಲಿ ಯಾರು ಏನು ಆಡಿದ್ದರೋ ನಾನು ಕೇಳಲಿಲ್ಲ. ಆದರೆ ನಿಮಗೆ ಹೇಳುತ್ತೇನೆ: ಮಾತು ಬಾರದ ಮಗುವಿನ ಮುಂದೆ ಆಡುವ ಒಂದೊಂದು ಮಾತೂ ಆ ಮಗುವಿಗೆ ಆಡಿದ ಮಾತೇ. ಮುಟ್ಟುವ ಮೊದಲು ಹೇಳಿ ಮುಟ್ಟಿ. ತಲೆಗೆ ನೀರು ಹಾಕುವ ಮೊದಲು, ಹಾಕುತ್ತೇನೆ ಎನ್ನಿ.

ನಜೀಮಾ ಒಂದು ಪಾರದರ್ಶಕ ಹಾಳೆಯ ಮೇಲೆ ತಮಿಳು ಅಕ್ಷರಗಳನ್ನು ಗುಂಪು ಗುಂಪಾಗಿ ಬರೆದರು. ಹಾಳೆಯ ಆಚೆ ನಾವು, ಈಚೆ ತಾಮರೈ. ಅವಳ ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತದೋ ಅದನ್ನು ಬರೆದುಕೊಳ್ಳುವುದು. ಅಕ್ಷರ ಕಲಿಯಲು ಏಳು ತಿಂಗಳಾಯಿತು. ಅವಳು ಮೊದಲು ಏನು ಹೇಳುತ್ತಾಳೋ ಎಂದು ನಾವೆಲ್ಲ ಕಾದಿದ್ದೆವು. ಅಮ್ಮಾ ಎನ್ನಬಹುದು ಎಂದು ನಜೀಮಾ, ಅಕ್ಕಾ ಎನ್ನಲಿ ಎಂದು ನನ್ನ ಆಸೆ. ಬೆವರು ಸುರಿಸುತ್ತಾ ಅವಳು ಒಂದೊಂದೇ ಅಕ್ಷರ ತೋರಿಸಿದಳು. ಕೂಡಿಸಿ ಓದಿದರೆ, ಉಪ್ಪು. ತಮಿಳಿಗೂ ಅದೇ, ಕನ್ನಡಕ್ಕೂ ಅದೇ.

ಅಡಿಗೆಮನೆಗೆ ಹೋಗಿ ವಿಚಾರಿಸಿದೆ. ಅರೆದ ಊಟದ ಮಕ್ಕಳ ಪಾತ್ರೆಗೆ ಉಪ್ಪು ಹಾಕುವುದನ್ನು ಯಾರೋ ಯಾವಾಗಲೋ ಬಿಟ್ಟಿದ್ದರು. ಯಾಕೆಂದು ಯಾರಿಗೂ ನೆನಪಿಲ್ಲ. ಹೋಟೆಲಿನವರ ಹೆಂಡತಿ ನಾನು, ಅಷ್ಟು ವರ್ಷ ಸಾವಿರಾರು ಬಟ್ಟಲು ತಿನ್ನಿಸಿದ್ದೆ, ಒಂದು ಸಲ ನಾಲಿಗೆಗೆ ಹಚ್ಚಿ ನೋಡಿರಲಿಲ್ಲ. ಡಾಕ್ಟರನ್ನು ಕೇಳಿ ಅವತ್ತೇ ರಾತ್ರಿಯೂಟಕ್ಕೆ ಉಪ್ಪು ಹಾಕಿಸಿದೆವು. ಕೇರ್ ರೂಮಿನ ಎಂಟೂ ಮಕ್ಕಳು ಎರಡನೇ ಸಲ ಹಾಕಿಸಿಕೊಂಡವು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ತಾಮರೈಯನ್ನು ನೋಡಿ ಕೇರ್ ರೂಮಿನ ಉಳಿದ ಏಳು ಮಕ್ಕಳನ್ನೂ ಮತ್ತೆ ಪರೀಕ್ಷೆ ಮಾಡಿದರು. ಅವರಲ್ಲಿ ಮೂವರು ತರಗತಿಗೆ ಹೋದರು. ತಾಮರೈ ಹತ್ತನೇ ಪರೀಕ್ಷೆ ಕಟ್ಟಿದಳು. ಅವಳು ಕಣ್ಣಿನಲ್ಲಿ ತೋರಿಸಿದ್ದನ್ನು ಬರೆಯಲು ಹೊರಗಿನವರು ಬಂದಿದ್ದರು. ನನಗೆ ಒಳಗೆ ಪ್ರವೇಶವಿಲ್ಲ. ಒಂದೊಂದು ಪರೀಕ್ಷೆಗೂ ಉಳಿದವರಿಗಿಂತ ಎಷ್ಟೋ ಹೊತ್ತು ಹೆಚ್ಚು, ಹೊರಗೆ ಬಂದಾಗ ಕುತ್ತಿಗೆ ಕಲ್ಲಿನ ಹಾಗೆ ಬಿಗಿದಿರುತ್ತಿತ್ತು. ಪಾಸಾದಳು, ಗಣಿತ ಒಂದನ್ನು ಎರಡನೇ ಸಲ ಬರೆದು. ಅವಳ ಅಪ್ಪ ಅಂಕಪಟ್ಟಿಗೆ ತಾವೇ ತೇಗದ ಚೌಕಟ್ಟು ಮಾಡಿದರು. ಈಗ ಅವಳ ಕುರ್ಚಿಯ ಮುಂದೆ ಒಂದು ಯಂತ್ರವಿದೆ. ಕಣ್ಣಿನಿಂದ ಅಕ್ಷರ ಆರಿಸಿದರೆ ಅದು ತಮಿಳಲ್ಲಿ ಗಟ್ಟಿಯಾಗಿ ಮಾತಾಡುತ್ತದೆ. ಅದೇ ಶಾಲೆಯಲ್ಲಿ ಅವಳಿಗೆ ಕೆಲಸ. ಹಾಸ್ಟೆಲಿಗೆ ಬರುವ ಹೊಸ ಹುಡುಗಿಯರಿಗೆ ಊಟ ಮಾಡಿಸುವುದನ್ನು ಕಲಿಸುವವಳು ಅವಳು. ಯಾರು ಉಳಿಯಬೇಕು, ಯಾರು ಬೇಡ ಎಂಬುದನ್ನು ಈಗ ತಾಮರೈ ಹೇಳುತ್ತಾಳೆ.

ನಾನು ನಿವೃತ್ತಳಾದ ಮೇಲೆ, ಹೋದ ತಿಂಗಳು, ಹೊಸ ತಂಡದ ಮೊದಲ ದಿನಕ್ಕೆ ನನ್ನನ್ನು ಕರೆದಿದ್ದರು. ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಇಪ್ಪತ್ತು ವರ್ಷದ ಒಬ್ಬ ಹುಡುಗಿ ಬಟ್ಟಲು ಹಿಡಿದು ತಾಮರೈ ಎದುರಿಗೆ ಬಂದಳು. ಎರಡನೇ ಚಮಚ ತಾಮರೈಯ ಹೊಸ ಚೂಡಿದಾರದ ಮೇಲೆ ಪೂರ್ತಿ ಚೆಲ್ಲಿತು. ಹುಡುಗಿ ಕಣ್ಣು ತುಂಬಿಕೊಂಡು, ಬಟ್ಟಲು ಕೆಳಗಿಟ್ಟು, ಎದ್ದು ಬಾಗಿಲಿನ ಕಡೆ ಹೊರಟಳು.

ತಾಮರೈ ಯಂತ್ರದ ಕಡೆ ನೋಡತೊಡಗಿದಳು. ಒಂದೊಂದೇ ಅಕ್ಷರ. ಕೋಣೆಯಲ್ಲಿ ಎಲ್ಲರೂ ಕಾದರು. ಆ ಹುಡುಗಿಯೂ ಹೊಸ್ತಿಲ ಹತ್ತಿರ ನಿಂತಳು. ಕೊನೆಗೆ ಯಂತ್ರ ಮಾತಾಡಿತು.

“ಎಲ್ಲಿಗೆ ಹೊರಟೆ? ಬಂದು ಕೂತ್ಕೋ. ನನಗೆ ಇನ್ನೂ ಹಸಿವಿದೆ.”